ಸೂರ್ಯಕಾಂತಿಗೆ ಲಿವರ್ ಎಲ್ಲಿದೆ ಸ್ವಾಮಿ?

ಅಡುಗೆ ಎಣ್ಣೆಯ ಪ್ಯಾಕೆಟ್ ಮೇಲೆ ಕೆಂಪು ಹೃದಯ. ಪಕ್ಕದಲ್ಲಿ ದಪ್ಪಕ್ಷರ: ‘ಝೀರೋ ಕೊಲೆಸ್ಟ್ರಾಲ್’. ಅಲ್ಲ ಸ್ವಾಮಿ, ನಮ್ಮ ಮೈಯಲ್ಲಿ ಕೊಲೆಸ್ಟ್ರಾಲ್ ಹೆಚ್ಚಾಗಿ ತಯಾರಾಗುವುದು ಲಿವರಿನಲ್ಲಿ. ಸೂರ್ಯಕಾಂತಿಗೆ ಲಿವರ್ ಎಲ್ಲಿದೆ? ಮೊದಲೇ ಇಲ್ಲದ್ದನ್ನು ‘ಇಲ್ಲ’ ಎಂದು ಬರೆದು ಮಾರುತ್ತಾರೆ. ನಾವು ಎರಡು ಪ್ಯಾಕೆಟ್ ಹೆಚ್ಚಿಗೆ ತಂದು ಪೂರಿ ಕರಿಯುತ್ತೇವೆ.

ಪಾಮ್ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇಲ್ಲ. ಇರುವುದು ಸುಮಾರು ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ರಕ್ತದಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಏರಿಸುವುದು ಅದೇ. ಆ ವಿಷಯ ಪ್ಯಾಕೆಟ್ಟಿನ ಬೆನ್ನಿಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ.

2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ಹೋದರು. 46 ವರ್ಷ. ಊರಿಗೆ ಊರೇ ಇಸಿಜಿಗೆ ಓಡಿತು. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಮತ್ತೆ ಜಾತ್ರೆ. ಇಸಿಜಿಯಲ್ಲಿ ಕೊಲೆಸ್ಟ್ರಾಲ್ ಕಾಣುವುದಿಲ್ಲ, ರಕ್ತ ಕೊಡಬೇಕು. ಅದು ಬೇಡ. ರಕ್ತ ಕೊಟ್ಟರೆ ಅಂಕಿ ಬರುತ್ತದೆ, ಅಂಕಿ ಬಂದರೆ ಬೋಂಡ ಬಿಡಬೇಕಾಗುತ್ತದೆ. ‘ನಾರ್ಮಲ್’ ಚೀಟಿ ಜೇಬಿಗಿಳಿಸಿ, ಸೀದಾ ಎದುರಿನ ಗಾಡಿಗೆ. ಅಲ್ಲಿನ ಬಾಣಲೆಯ ಎಣ್ಣೆ ಎಷ್ಟನೇ ಸಲ ಕಾದಿದೆಯೋ, ಅದರ ಬಣ್ಣವೇ ಹೇಳುತ್ತದೆ. ಕೇಳುವವರಿಲ್ಲ.

ಇನ್ನು ಓಟ್ಸ್. ಅದರ ನಾರಿನಂಶ ಎಲ್‌ಡಿಎಲ್ ಇಳಿಸುವುದು ನಿಜ. ಹಾಗೆಂದು ಓಟ್ಸ್ ದೋಸೆ ಮೇಲೆ ಬೆಣ್ಣೆ ಮುದ್ದೆಯೇ? ಕಾಳು, ಸೊಪ್ಪು, ಬೇಳೆಗಳಲ್ಲೂ ಅಂಥ ನಾರು ಇದೆ. ಬಸ್ಸಾರು ತಿಂದರೆ ಸಾಕಿತ್ತು. ಆದರೆ ಹುರುಳಿ ಕುದುರೆಗಂತೆ, ಮುದ್ದೆ ಬಡವರಿಗಂತೆ! ಅದೇ ರಾಗಿ ಬಿಸ್ಕತ್ತಾಗಿ ಬಣ್ಣದ ಕಾಗದ ಸುತ್ತಿಕೊಂಡು ಬಂದರೆ ಮೂರು ಪಟ್ಟು ದುಡ್ಡು ಕೊಡುತ್ತೇವೆ. ಪೊಟ್ಟಣ ತಿರುಗಿಸಿ ನೋಡಿ. ಎಷ್ಟೋ ಸಲ ಮೊದಲ ಹೆಸರೇ ಮೈದಾ.

ಲಾಲ್‌ಬಾಗಿನಲ್ಲಿ ನಡೆದು ಬೆವರು ಒರೆಸಿಕೊಳ್ಳುತ್ತಾ ಹೊರಬರುವವರನ್ನು ಗಮನಿಸಿದ್ದೀರಾ? ಮೊದಲು ಬೂದುಗುಂಬಳದ ಜ್ಯೂಸು, ಹತ್ತು ನಿಮಿಷಕ್ಕೆ ಬೆಣ್ಣೆ ಮಸಾಲೆ. ಕೇಳಿದರೆ, ‘ನಡೆದಿದ್ದೀನಲ್ರೀ!’

ಇವರಿಗಿಂತ ಗಟ್ಟಿಗರು ಮಾತ್ರೆಯವರು. ಕೊಲೆಸ್ಟ್ರಾಲಿಗೆ ಡಾಕ್ಟರು ಕೊಟ್ಟ ಮಾತ್ರೆ ಅವರಿಗೆ ಪಥ್ಯವಲ್ಲ, ಪರವಾನಗಿ. ಮೊನ್ನೆ ಮದುವೆ ಪಂಕ್ತಿಯಲ್ಲಿ ಒಬ್ಬರು ಪಕ್ಕದಲ್ಲೇ ಕೂತಿದ್ದರು. ‘ನಮ್ಮಜ್ಜ ತುಪ್ಪ ಕುಡಿದೇ ತೊಂಬತ್ತು ದಾಟಿದ’ ಎಂದರು. ಅಜ್ಜ ನೇಗಿಲ ಹಿಂದೆ ನಡೆದ ಲೆಕ್ಕ ಎತ್ತಲಿಲ್ಲ. ಇವರು ಊಟದ ಹಾಲ್ ಇರುವ ಮೊದಲ ಮಹಡಿಗೂ ಲಿಫ್ಟಿಗೆ ಕಾದು ಬಂದವರು.

ಅಷ್ಟರಲ್ಲಿ ಒಬ್ಬಟ್ಟು ಬಂತು, ಹಿಂದೆಯೇ ತುಪ್ಪದ ಭಟ್ಟರು. ‘ಸ್ವಲ್ಪ ಸಾಕು ಭಟ್ರೇ, ನಂಗೆ ಕೊಲೆಸ್ಟ್ರಾಲು’ ಎಂದು ಈ ಯಜಮಾನರು ಗಂಭೀರವಾಗಿ ಕೈ ಅಡ್ಡ ಹಿಡಿದರು. ಎರಡನೇ ಸೌಟು ಬಿದ್ದಾದ ಮೇಲೆ.