ಬೆವರುವ ಸಾಬೂನು

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದರೂ ಒಬ್ಬ ಮ್ಯಾನೇಜರಿಗೂ ಸೋಪು ಹಚ್ಚಲಿಲ್ಲ ಎಂಬುದು ನನ್ನ ಹೆಮ್ಮೆ. ಹಚ್ಚಿದ್ದರೆ ನೀವೂ ಮ್ಯಾನೇಜರಾಗಿಯೇ ರಿಟೈರಾಗುತ್ತಿದ್ದಿರಿ ಎಂಬುದು ಹೆಂಡತಿಯ ಷರಾ. ಆ ಹಳೇ ಬಾಕಿ ತೀರಿಸುವವನಂತೆ, ರಿಟೈರಾದ ಮರುತಿಂಗಳೇ ನವಿ ಮುಂಬಯಿಯ ಸಾನಪಾಡಾದ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಸೋಪು ಮಾಡಲು ಕೂತೆ.

ಇದಕ್ಕೆಲ್ಲ ಮೂಲ ಕುಮಟೆಯ ಕೊಬ್ಬರಿ ಎಣ್ಣೆ. ವರ್ಷಕ್ಕೊಮ್ಮೆ ನನ್ನ ಭಾವ ಗಾಣದ ಎಣ್ಣೆಯ ದೊಡ್ಡ ಡಬ್ಬಿಯನ್ನು ಮತ್ಸ್ಯಗಂಧ ರೈಲಿಗೆ ಹೇರಿಕೊಂಡು ಬರುತ್ತಾನೆ. ಪನ್ವೇಲಿನಲ್ಲಿಳಿದು ಲೋಕಲ್ ಹಿಡಿದು ಸಾನಪಾಡಾ ಮುಟ್ಟುವಷ್ಟರಲ್ಲಿ ಅವನ ಪ್ಯಾಂಟೂ ಅರ್ಧ ಅಭ್ಯಂಜನ ಮಾಡಿರುತ್ತದೆ. ಅಷ್ಟು ಎಣ್ಣೆಯನ್ನು ಇಬ್ಬರು ಏನು ಮಾಡುವುದು? ನನ್ನ ತಲೆಗಂತೂ ಈಗ ಎಣ್ಣೆಗಿಂತ ಬಟ್ಟೆಯಿಂದ ಒರೆಸುವುದೇ ಹೆಚ್ಚು ಸರಿ. ಮಳೆಗಾಲ ಬಂತೆಂದರೆ ಡಬ್ಬಿಯಲ್ಲಿ ಉಳಿದದ್ದು ಕಮಟು ಹಿಡಿಯುತ್ತದೆ. ಕಮಟು ಹಿಡಿಯುವ ಮೊದಲು ಸೋಪಾಗಲಿ ಎಂದುಕೊಂಡೆ.

ತುರ್ಭೆ ಕಡೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಸ್ಟಿಕ್ ಸೋಡಾ ಕೇಳಿದಾಗ ಅಂಗಡಿಯವನು ಮರುಕದಿಂದ ನೋಡಿ, "ಗಟರ್ ಜಾಮ್ ಹೈ ಕ್ಯಾ, ಅಂಕಲ್?" ಎಂದ. ಇಲ್ಲಪ್ಪ, ಮೈಗೆ ಹಚ್ಚಿಕೊಳ್ಳಲು ಎಂದೆ. ಅವನು ಚಿಲ್ಲರೆಯನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟ.

ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ಕಿಗೆ ನೀರು ಹಾಕಬಾರದು, ಹಾಕಿದರೆ ಕುದಿದು ಮುಖಕ್ಕೇ ಎಗರುತ್ತದೆ ಎಂಬಷ್ಟನ್ನು ಓದಿ ಬಾಯಿಪಾಠ ಮಾಡಿದ್ದೆ. ಪಾತ್ರೆಯ ಕುರಿತ ಪುಟವನ್ನು ಮಾತ್ರ ಓದಿರಲಿಲ್ಲ. ಕಪಾಟಿನಲ್ಲಿ ಕೈಗೆ ಸಿಕ್ಕಿದ್ದು ಅಲ್ಯೂಮಿನಿಯಂ ಪಾತ್ರೆ, ಈ ಕಡೆಯವರ ಬಾಯಲ್ಲಿ ‘ಜರ್ಮನ್’. ಕಾಸ್ಟಿಕ್ ನೀರು ಬಿದ್ದದ್ದೇ ತಡ, ಜರ್ಮನ್ ಬುಸುಗುಟ್ಟಿ ನೊರೆಯೆದ್ದು ಕಪ್ಪಗಾಯಿತು. ಕಾಸ್ಟಿಕ್ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ತಿಂದು ಹೈಡ್ರೋಜನ್ ತೇಗುತ್ತದೆ. ಪಕ್ಕದಲ್ಲೇ ಗ್ಯಾಸ್ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಒಲೆ ಆರಿಸಿ, ಕಿಟಕಿ ತೆರೆದು, ಹೆಂಡತಿಯನ್ನು ಹೊರಗೆ ಕಳಿಸಿ, ಆಮೇಲೆ ಹೆದರಿದೆ. ಸ್ಟೀಲು ಇಲ್ಲವೇ ದಪ್ಪ ಪ್ಲಾಸ್ಟಿಕ್ಕು ಮಾತ್ರ ಎಂದು ಅಂದೇ ಕಾನೂನಾಯಿತು. ಸೋಪಿಗೆ ಹೋದ ಪಾತ್ರೆ ಮತ್ತೆ ಅಡುಗೆಗಿಲ್ಲ ಎಂಬ ಎರಡನೆಯ ಕಾನೂನು ಅವಳದ್ದು. ಹೀಗೆ ನಮ್ಮ ಮನೆಗೆ ಮಡಿ-ಮೈಲಿಗೆ ಎರಡು ತಲೆಮಾರಿನ ನಂತರ ಹಿಂತಿರುಗಿತು.

ಜರ್ಮನ್ ಎಂದಾಗ ನೆನಪಾಯಿತು. ಮೈಸೂರಿನ ಶ್ರೀಗಂಧದ ಕೊರಡುಗಳು ಒಂದು ಕಾಲಕ್ಕೆ ಎಣ್ಣೆ ತೆಗೆಸಿಕೊಳ್ಳಲು ಜರ್ಮನಿಗೆ ಹೋಗುತ್ತಿದ್ದವು. 1914ರಲ್ಲಿ ಯುದ್ಧ ಶುರುವಾಗಿ ದಾರಿ ಕಟ್ಟಿತು. ಕೊರಡು ರಾಶಿ ಬಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ನಾವೇ ಎಣ್ಣೆ ತೆಗೆಯೋಣ, ಅದರಿಂದ ಸೋಪೂ ಮಾಡೋಣ ಎಂದು ಹೊರಟರು. ಸೋಪಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಹೆಸರಲ್ಲೇ ಗರಳ ಇಟ್ಟುಕೊಂಡವರು ಕಾಸ್ಟಿಕ್ಕಿಗೆ ಹೆದರುತ್ತಾರೆಯೇ! ಮೈಸೂರ್ ಸ್ಯಾಂಡಲ್ ಹಾಗೆ ಹುಟ್ಟಿತು. ಮಿಕ್ಕಿದ ಕೊರಡಿನಿಂದ ಅವರಿಗೆ ಒಂದು ಕಾರ್ಖಾನೆಯಾಯಿತು. ಮಿಕ್ಕಿದ ಎಣ್ಣೆಯಿಂದ ನನಗೆ ಒಂದು ಪಾತ್ರೆ ಹೋಯಿತು.

ಸೋಪು ಅಡುಗೆಯಂತೆ ಕಾಣುತ್ತದೆ, ಆದರೆ ಅಡುಗೆಯಲ್ಲ. ನನ್ನ ಹೆಂಡತಿ ಜೀವಮಾನದಲ್ಲಿ ಉಪ್ಪನ್ನು ತೂಗಿದವಳಲ್ಲ, ಅವಳ ಸಾರು ಒಮ್ಮೆಯೂ ಕೆಟ್ಟದ್ದಿಲ್ಲ. ಸೋಪಿಗೆ ಆ ಕೈಗುಣ ನಡೆಯದು. ಅದು ಶುದ್ಧ ಲೆಡ್ಜರು. ಒಂದೊಂದು ಎಣ್ಣೆಗೆ ಒಂದೊಂದು ದರ. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಬೇಕು, ಶೇಂಗಾ ಎಣ್ಣೆಗೆ 136 ಗ್ರಾಂ ಸಾಕು. ಪೂರ್ತಿ ಆಗಲೂಬಾರದು, ನೂರಕ್ಕೆ ಐದರಷ್ಟಾದರೂ ಎಣ್ಣೆ ಮಿಕ್ಕಿ ಚರ್ಮಕ್ಕೆ ಸಿಗಬೇಕು. ಹಾಗಾಗಿ ಕೊಬ್ಬರಿ ಎಣ್ಣೆಗೆ 174 ಗ್ರಾಂ. ಇಷ್ಟು ಲೆಕ್ಕ ಗೊತ್ತಿದ್ದೂ, ಲೆಕ್ಕದಲ್ಲೇ ಕೂದಲು ಕಳೆದುಕೊಂಡ ನಾನು, ಒಂದು ದಿನ ಅರ್ಧ ಕಿಲೋ ಕೊಬ್ಬರಿ ಎಣ್ಣೆಗೆ ಅರ್ಧ ಕಿಲೋ ಶೇಂಗಾ ಎಣ್ಣೆ ಬೆರೆಸಿ ಅದೇ 174 ಗ್ರಾಂ ಸುರಿದೆ. ಎಣ್ಣೆ ಎಣ್ಣೆಯೇ ಅಲ್ಲವೇ ಎಂಬ ಉದಾರತೆ.

ಶ್ರೀಖಂಡದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಹುಯ್ದದ್ದು ಮರುದಿನ ಬಿಳಿ ಅಮೃತಶಿಲೆಯಂತೆ ನಿಂತಿತ್ತು. ಸೋಪನ್ನು ಪರೀಕ್ಷಿಸಲು ಹಳೆಯ ಉಪಾಯವೊಂದಿದೆ: ಒದ್ದೆ ಬೆರಳನ್ನು ಬಿಲ್ಲೆಯ ಮೇಲೆ ಉಜ್ಜಿ ನಾಲಿಗೆಯ ತುದಿಗೆ ತಾಗಿಸುವುದು. ಚಿಕ್ಕಂದಿನಲ್ಲಿ ಟ್ರಾನ್ಸಿಸ್ಟರಿನ ಚೌಕ ಬ್ಯಾಟರಿಯನ್ನು ನೆಕ್ಕಿದವರಿಗೆ ಆ ಅನುಭವ ಗೊತ್ತು. ಚುರ್ ಎಂದಿತು. ಎರಡು ದಿನ ಊಟದ ರುಚಿ ತಿಳಿಯಲಿಲ್ಲ. ಅಡುಗೆಯ ಬಗ್ಗೆ ನಾನೇನೂ ಹೇಳದ್ದನ್ನು ಕಂಡು ಹೆಂಡತಿಗೆ ಅನುಮಾನ ಬಂತು.

ಲೆಕ್ಕಕ್ಕೆ ಕೂತೆ. ಆ ಎರಡು ಎಣ್ಣೆ ಒಟ್ಟು ತಾಳಬಹುದಾದದ್ದು 159 ಗ್ರಾಂ ಚಿಲ್ಲರೆ. ಹದಿನಾಲ್ಕೂವರೆ ಗ್ರಾಂ ಕಾಸ್ಟಿಕ್ಕು ಗಿರಾಕಿಯಿಲ್ಲದೆ ಒಳಗೆ ಅಲೆಯುತ್ತಿದೆ. ಅದನ್ನು ತೀರಿಸಿ ಮೇಲೆ ಒಂದಿಷ್ಟು ಎಣ್ಣೆ ಉಳಿಸಲು ಇನ್ನೂ 130 ಗ್ರಾಂ ಕೊಬ್ಬರಿ ಎಣ್ಣೆ ಬೇಕು. ಸೋಪು ಕೆಟ್ಟರೆ ಎಸೆಯಬೇಕಿಲ್ಲ ಎಂಬುದೊಂದು ಸಮಾಧಾನ. ತುರಿದು, ಸ್ವಲ್ಪ ನೀರು ಚಿಮುಕಿಸಿ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ, ಕೊರತೆಯ ಎಣ್ಣೆ ಸೇರಿಸಿದರೆ ಸರಿಹೋಗುತ್ತದೆ. ಕೈಗವಸು ತೊಟ್ಟು, ಅವಳ ತುರಿಮಣೆಯನ್ನು ಕೇಳದೆ ತೆಗೆದುಕೊಂಡು, ಎಲ್ಲ ಬಿಲ್ಲೆಗಳನ್ನೂ ಸ್ಟೀಲಿನ ತಟ್ಟೆಗೆ ತುರಿದಿಟ್ಟು ಎಣ್ಣೆ ತೂಗಲು ಬಾಲ್ಕನಿಗೆ ಹೋದೆ.

ಹೊಸದಾಗಿ ತುರಿದ ಬಿಳಿ ಸೋಪಿಗೂ ಕಾಯಿತುರಿಗೂ ಹತ್ತು ಅಡಿ ದೂರದಿಂದ ವ್ಯತ್ಯಾಸವಿಲ್ಲ. ಒಂದು ಅಡಿಯಿಂದಲೂ ಇಲ್ಲ ಎಂಬುದು ಆಮೇಲೆ ತಿಳಿಯಿತು. ಒಳಗೆ ಬಂದಾಗ ಹೆಂಡತಿ ಮಿಕ್ಸಿ ಜಾರಿಗೆ ಹಸಿಮೆಣಸು, ಹುರಿಗಡಲೆ, ಉಪ್ಪು ಹಾಕಿ, ತಟ್ಟೆಯತ್ತ ಕೈ ಚಾಚಿದ್ದಳು.

"ಮುಟ್ಟಬೇಡ!" ಎಂದು ಕೂಗಿದೆ.

ಅವಳು ಕೈ ಹಿಂತೆಗೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಎಂತದ್ರೀ ಇದು? ಮೂವತ್ತು ವರ್ಷದಲ್ಲಿ ಒಂದು ದಿನ ಕಾಯಿ ತುರಿದುಕೊಟ್ಟವರಲ್ಲ. ಇವತ್ತಾದರೂ ಬುದ್ಧಿ ಬಂತು ಅಂತ ಸಂತೋಷಪಟ್ಟೆ ಮಾರಾಯ್ರೆ."

ಆ ದಿನ ದೋಸೆಗೆ ಚಟ್ನಿಪುಡಿ. ತುರಿಮಣೆಯೂ ಸೋಪಿನ ಪಂಗಡಕ್ಕೆ ಸೇರಿತು.

ಅರಿಶಿನದ ಕತೆ ಸಣ್ಣದು. ಚಿನ್ನದ ಬಣ್ಣದ ಸೋಪಾಗಲಿ ಎಂದು ಒಂದು ಚಮಚ ಹಾಕಿದೆ, ಕಲಕಿದ್ದೇ ಕೆಂಪಾಯಿತು. ಅರಿಶಿನಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತದೆಂದು ತಿಳಿಯಲು ಪುಸ್ತಕವೇ ಬೇಡ, ಮದುಮಕ್ಕಳಿಗೆ ಎತ್ತುವ ಆರತಿಯ ನೀರಿಗೆ ಅರಿಶಿನದ ಜೊತೆ ಸುಣ್ಣ ಕದಡುವುದನ್ನು ನೋಡಿದ್ದರೆ ಸಾಕು. ನಾನು ನೋಡಿದ್ದೆ, ಎರಡು ಕಡೆಯಿಂದ ಎತ್ತಿಸಿಕೊಂಡೂ ಇದ್ದೆ. ಇನ್ನು ಪರಿಮಳ. ಮತ್ಸ್ಯಗಂಧಿಯನ್ನು ಯೋಜನಗಂಧಿ ಮಾಡಲು ಪರಾಶರರಿದ್ದರು, ನನ್ನ ಮತ್ಸ್ಯಗಂಧದ ಎಣ್ಣೆಗೆ ಎಪಿಎಂಸಿ ಮಸಾಲೆ ಮಾರ್ಕೆಟ್ಟಿನ ಬಳಿ ಕೊಂಡ ಲವಂಗದೆಣ್ಣೆ. ಲವಂಗದೆಣ್ಣೆ ಬಿದ್ದರೆ ಸೋಪಿಗೆ ತಡೆಯಲಾರದ ಅವಸರ ಬರುತ್ತದೆ. ಒಂದು ಗಳಿಗೆ ಹಿಂದೆ ಮಜ್ಜಿಗೆಯಂತಿದ್ದದ್ದು ಕಲ್ಲಾಗಿ, ಸ್ಟೀಲಿನ ಸೌಟು ಅದರ ನಡುವೆ ಧ್ವಜಸ್ತಂಭದಂತೆ ನಿಂತಿತು. ಬರೀ ಕೊಬ್ಬರಿ ಎಣ್ಣೆಯ ಸೋಪು ನೊರೆಯೇನೋ ಧಾರಾಳ ಕೊಡುತ್ತದೆ, ಆದರೆ ಮೈಯ ಜಿಡ್ಡನ್ನೂ ಬಳಿದುಕೊಂಡು ಹೋಗಿ ಚರ್ಮ ಬಿರಿಯುತ್ತದೆ. ಅದಕ್ಕೆ ಐದಲ್ಲ, ನೂರಕ್ಕೆ ಇಪ್ಪತ್ತು ಎಣ್ಣೆ ಮಿಗಿಸಬೇಕು, ಅಂದರೆ ಕಿಲೋಗೆ 146 ಗ್ರಾಂ ಕಾಸ್ಟಿಕ್ ಎಂದು ಗೊತ್ತಾಗಲು ನನ್ನ ಎರಡೂ ಮೊಣಕೈ ಬೇಕಾದವು.

ಕೊನೆಗೂ ಜುಲೈಯಲ್ಲಿ ಒಂದು ಕಂತು ಎಲ್ಲ ಸರಿಯಾಗಿ ಬಂತು. ಕತ್ತರಿಸಿ, ಹಳೇ ಪತ್ರಿಕೆ ಹಾಸಿ ಸಾಲಾಗಿ ಇಟ್ಟೆ. ನಾಲ್ಕರಿಂದ ಆರು ವಾರ ಆರಬೇಕು ಎಂದು ಶಾಸ್ತ್ರ. ಶಾಸ್ತ್ರ ಬರೆದವನು ಮಳೆಗಾಲದ ಸಾನಪಾಡಾ ನೋಡಿದವನಲ್ಲ. ಇಲ್ಲಿ ಒಗೆದ ಬನಿಯನ್ನೇ ಮೂರು ದಿನ ಆರದು. ಮೊದಲ ವಾರ ಬಿಲ್ಲೆಗಳ ಮೇಲೆ ವಿಭೂತಿ ಬಳಿದಂತೆ ಬಿಳಿಪುಡಿ. ಗಾಳಿಯ ಕಾರ್ಬನ್ ಡೈಆಕ್ಸೈಡ್ ತಾಗಿ ಮೇಲ್ಮೈ ಸೋಡಾ ಕಟ್ಟುತ್ತದಂತೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಯಿತು. ಎರಡನೆಯ ವಾರ ಹನಿ ಹನಿ ಬೆವರು. ದೊಡ್ಡ ಕಾರ್ಖಾನೆಯವರು ಸಾಮಾನ್ಯವಾಗಿ ಗ್ಲಿಸರಿನ್ನನ್ನು ಬೇರ್ಪಡಿಸಿ ತೆಗೆಯುತ್ತಾರೆ, ಮನೆಯ ಸೋಪಿನಲ್ಲಿ ಅದು ಅಲ್ಲೇ ಉಳಿದು ಗಾಳಿಯ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ. ಬೆಳಗಿನ ಸಿಎಸ್‌ಎಂಟಿ ಲೋಕಲಿನಲ್ಲಿ ಒಬ್ಬರಿಗೊಬ್ಬರು ಒತ್ತಿ ನಿಂತವರಂತೆ ಇಪ್ಪತ್ತನಾಲ್ಕು ಬಿಲ್ಲೆಗಳು ಪತ್ರಿಕೆಯ ಮೇಲೆ ಬೆವರುತ್ತಿದ್ದವು. ಹೊಸ ಪತ್ರಿಕೆ ಹಾಸಿದೆ, ಫ್ಯಾನು ಹಾಕಿದೆ. "ನನಗೆ ಸೆಖೆಯಾದರೆ ಕರೆಂಟ್ ಬಿಲ್ ನೆನಪಾಗ್ತದೆ ನಿಮ್ಗೆ" ಎಂದು ಒಳಗಿಂದ ಕೇಳಿಸಿತು. ಜಾಗ ಸಾಲದೆ ಕಿಟಕಿಯ ಕಬ್ಬಿಣದ ಗ್ರಿಲ್ಲಿನಲ್ಲಿಟ್ಟ ನಾಲ್ಕಕ್ಕೆ ಕಿತ್ತಳೆ ಬಣ್ಣದ ಚುಕ್ಕೆಯೆದ್ದು ಕಮಟು ಹೊಡೆಯಿತು. ಕಬ್ಬಿಣ ತಾಗಿದರೆ ಎಣ್ಣೆ ಬೇಗ ಕೆಡುತ್ತದೆ. ಇಪ್ಪತ್ತು ಉಳಿದವು.

ದೀಪಾವಳಿಗೆ ನೆರೆಹೊರೆಗೆಲ್ಲ ಹಂಚಿದೆ. ಇಲ್ಲಿಯ ಮರಾಠಿ ಮನೆಗಳಲ್ಲಿ ನರಕ ಚತುರ್ದಶಿಯ ಬೆಳಗ್ಗೆ ಉಟಣೆಯೆಂಬ ಸ್ನಾನದ ಪುಡಿ ಹಚ್ಚಿ ಮೋತಿ ಸೋಪಿನಲ್ಲಿ ಮಿಂದರೇ ಹಬ್ಬ. ಎದುರು ಮನೆಯ ಕಾಕೂ ನನ್ನ ಬಿಲ್ಲೆಯನ್ನು ಮೂಸಿ, "ಛಾನ್ ಆಹೆ" ಎಂದು, ಮರುಗಳಿಗೆಯೇ ತಮ್ಮ ಮೋತಿಯೊಂದನ್ನು ನಮ್ಮ ಕೈಗಿತ್ತರು. ಸೌಜನ್ಯವೋ ಸಲಹೆಯೋ ತಿಳಿಯಲಿಲ್ಲ.

ಚತುರ್ದಶಿಯ ಬೆಳಗ್ಗೆ ಹೆಂಡತಿ ಮೊದಲು ಮಿಂದು ಬಂದಳು. ತಲೆಗೆ ಎಣ್ಣೆ ಹಚ್ಚಿಸಿಕೊಂಡು ನಾನು ಬಚ್ಚಲಿಗೆ ಹೋದರೆ ಗೂಡಿನಲ್ಲಿ ಎರಡು ಸೋಪು: ದುಂಡನೆಯ ಮೋತಿ, ಪಕ್ಕದಲ್ಲಿ ಚೌಕದ ನನ್ನದು. ಯಾವುದರಲ್ಲಿ ಮಿಂದಳು? ಕೇಳುವ ಧೈರ್ಯವಿರಲಿಲ್ಲ. ಮೋತಿ ಮುಟ್ಟಿದೆ, ಒಣಗಿತ್ತು. ನನ್ನದನ್ನು ಮುಟ್ಟಿದೆ, ಒದ್ದೆ! ಎದೆ ತುಂಬಿ ಬಂತು. ಆಮೇಲೆ ಅಕ್ಟೋಬರಿನ ಸೆಖೆ ನೆನಪಾಗಿ, ಬಿಲ್ಲೆಯನ್ನು ಎತ್ತಿ ಬಲ್ಬಿನ ಬೆಳಕಿಗೆ ಹಿಡಿದು ನೋಡಿದೆ. ನೀರೋ, ಬೆವರೋ?

"ನೀರು ತಣೀತದೆ, ಬೇಗ ಮೀಯಿರಿ" ಎಂದಳು ಹೊರಗಿನಿಂದ.