ಕೋಗಳಿ ಸೀಮೆಯ ಕತೆ: ಬಳಸುವ ವಿಧಾನ

ತಮ್ಮ ಕೈಯಲ್ಲಿರುವುದು ಅಸಲಿ ಕತೆ. ಈ ಸೀಮೆಯಲ್ಲಿ ಇದರ ತಯಾರಿಕೆ ಹಳೆಯದು. 19 ಕತೆಗಳ ‘ವಡ್ಡಾರಾಧನೆ’ ಬರೆದ 10ನೇ ಶತಮಾನದ ಶಿವಕೋಟ್ಯಾಚಾರ್ಯ ಕೋಗಳಿಯವನೆಂದು ಶಾಲೆಯ ಪಠ್ಯವೇ ಹೇಳುತ್ತದೆ. ಪೆಟ್ಟಿಗೆ ತೆರೆದಾಗ ನೀತಿ ಸಿಗದಿದ್ದರೆ ಗಾಬರಿ ಬೇಡ. ಅದನ್ನು ಬಿಡಿಯಾಗಿ ಮಾರುವವರು ಬೇಕಾದಷ್ಟು ಮಂದಿ ಇದ್ದಾರೆ.

1. ಓದುವುದು

ಚಿಕ್ಕದರಿಂದ ಶುರು ಮಾಡಿ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ, ಡೆಂಗನ ಮರಡಿಯ ಮೇಲೆ, ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎನ್ನುತ್ತಾನೆ. ನೆರೆದ ಜನಸಾಗರ ಗಪ್‌ಚಿಪ್. ಅವನು ನುಡಿಯುವ ಭವಿಷ್ಯವಾಣಿ ಒಂದೇ ಸಾಲು. ಅದರಲ್ಲಿ ರೈತ ಮಳೆ ಕಾಣುತ್ತಾನೆ, ವ್ಯಾಪಾರಿ ಧಾರಣೆ ಕಾಣುತ್ತಾನೆ, ರಾಜಕಾರಣಿ ಕುರ್ಚಿ ಕಾಣುತ್ತಾನೆ. ಗೊರವಯ್ಯನಂತೂ ಅರ್ಥ ಬಿಡಿಸಲು ನಿಲ್ಲುವುದಿಲ್ಲ, ಬಿಲ್ಲಿನಿಂದ ಕೆಳಗೆ ಬಿದ್ದುಬಿಡುತ್ತಾನೆ. ಕತೆಗಾರರು ಗಮನಿಸಿ: ಸಾಲು ಹೇಳಿದ ಮೇಲೆ ಅಲ್ಲೇ ನಿಂತು ಭಾಷಣ ಮಾಡಬಾರದು.

ಅಡ್ಡಪರಿಣಾಮ: 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿ, ಕನ್ನಡ ಪುಸ್ತಕವೆಂದರೆ ಮೂಗು ಮುರಿಯುತ್ತಿದ್ದವರು. ಅ.ನ.ಕೃ. ಅವರ ‘ಸಂಧ್ಯಾರಾಗ’ ಓದಿದ್ದೇ ತಡ, ತಾವೇ ಕನ್ನಡದ ಲೇಖಕರಾದರು. ಇದಕ್ಕೆ ಮದ್ದಿಲ್ಲ.

2. ಬರೆಯುವುದು

ಹತ್ತಿರ ಒಂದು ಹಿಡಿ ಸಾಸಿವೆ ಇಟ್ಟುಕೊಳ್ಳಿ. ‘ಅವನು ಬಲು ಸುಕೋಮಲ’ ಎಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ. ‘ವಡ್ಡಾರಾಧನೆ’ಯ ಸುಕುಮಾರಸ್ವಾಮಿಯ ಕತೆ ತೆಗೆಯಿರಿ. ಮನೆಗೆ ಬಂದ ಅರಸನಿಗೂ ಮಗ ಸುಕುಮಾರನಿಗೂ ತಾಯಿ ಬಿಳಿ ಸಾಸಿವೆಯ ಸೇಸೆ ತಳಿಯುತ್ತಾಳೆ. ಆ ಕಾಳು ಒತ್ತಿ ಸುಕುಮಾರ ಕೂತಲ್ಲೇ ಮಿಸುಕಾಡುತ್ತಾನೆ. ಆರತಿಯ ಬೆಳಕಿಗೆ ಕಣ್ಣಲ್ಲಿ ನೀರು ಬರುತ್ತದೆ. ಊಟಕ್ಕೆ ಕೂತರೆ ತಾವರೆಯಲ್ಲಿಟ್ಟು ಪರಿಮಳ ಹತ್ತಿಸಿದ ಅಕ್ಕಿಯ ಅಗುಳಷ್ಟೇ ನುಂಗಿ ಉಳಿದದ್ದು ಉಗುಳುತ್ತಾನೆ. ಅರಸನಿಗೆ ಕಾಣುವುದು ಮೂರು ರೋಗ. ಮದ್ದು ಮಾಡಿಸಬಾರದೇ ಎಂದು ತಾಯಿಯನ್ನೇ ಕೇಳುತ್ತಾನೆ! ಕೊನೆಗೆ ಅದೇ ಮೈಯನ್ನು ನರಿಯೊಂದು ಮರಿಗಳ ಸಮೇತ ಬಂದು ತಿನ್ನುವಾಗ ಸುಕುಮಾರ ಮಿಸುಕುವುದಿಲ್ಲ. ಸಾಸಿವೆಯ ಲೆಕ್ಕ ಅಲ್ಲಿ ಚುಕ್ತಾ.

ಮಾತಿಗೆ ಇಸ್ತ್ರಿ ಹಾಕಬೇಡಿ. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ‘ಅರಮನೆ’ ಕಾದಂಬರಿ ಈ ಸೀಮೆಯ ಬಾಯಿಮಾತಿನ ಉಸಿರಲ್ಲೇ ಓಡುತ್ತದೆ. 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅದಕ್ಕೇ.

3. ಕಲಿಸುವುದು

ಕುಂ.ವೀ. ರಾಯಲಸೀಮೆಯ ಹಳ್ಳಿಶಾಲೆಯಲ್ಲಿ ಮೇಷ್ಟ್ರಾಗಿದ್ದುಕೊಂಡೇ ಬರೆದವರು. ಹಾಗಾಗಿ ‘ಪಾಠ ಮುಗಿಸುವುದೇ ಕಷ್ಟ, ಕತೆ ಎಲ್ಲಿಂದ’ ಎಂಬ ದೂರನ್ನು ಇಲ್ಲಿ ಸ್ವೀಕರಿಸುವುದಿಲ್ಲ.

ಸುಕುಮಾರನ ಕತೆಗೆ ಬಂದಾಗ ‘ಅರಸನು ಕಂಡ ಮೂರು ವ್ಯಾಧಿಗಳಾವುವು?’ ಎಂದು 2 ಅಂಕಕ್ಕೆ ಕೇಳಿ, ತಪ್ಪೇನಿಲ್ಲ. ಬೆಲ್ ಹೊಡೆಯುವುದರೊಳಗೆ ಇನ್ನೊಂದು ಕೇಳಿ: ಅವು ಅವನಿಗೆ ರೋಗವಾಗಿಯೇ ಯಾಕೆ ಕಂಡವು? ಉತ್ತರ ಗೈಡಿನಲ್ಲಿಲ್ಲ. ಹಿಂದಿನ ಬೆಂಚಿನಿಂದ ‘ಅರಸ ಅಂಥ ಅಕ್ಕಿ ಉಂಡೇ ಇರಲಿಲ್ರಿ ಸಾರ್’ ಎಂದು ಬಂದರೆ ಪೂರ್ತಿ ಅಂಕ ಕೊಡಿ. ‘ಕತೆಯ ನೀತಿ ಬರೆಯಿರಿ’ ಎಂಬ ಗುಂಡಿಯನ್ನು ಮಾತ್ರ ಒತ್ತಬೇಡಿ. ಒತ್ತಿದರೆ ಕತೆ ಆಫ್ ಆಗುತ್ತದೆ.

4. ತೊಂದರೆ, ಪರಿಹಾರ

ಕತೆ ಅರ್ಥವಾಗಲಿಲ್ಲ: ಇನ್ನೊಮ್ಮೆ ಓದಿ.

ಒಂದೇ ಏಟಿಗೆ ಪೂರಾ ಅರ್ಥವಾಯಿತು: ಕೈಯಲ್ಲಿರುವುದು ಕತೆಯೋ ಸುತ್ತೋಲೆಯೋ ನೋಡಿಕೊಳ್ಳಿ.

ವಿದ್ಯಾರ್ಥಿ ಬೇರೆಯೇ ಅರ್ಥ ಹೇಳಿದ: ಯಂತ್ರ ಸುಸ್ಥಿತಿಯಲ್ಲಿದೆ.

ಮಂಡಕ್ಕಿ ಮಿರ್ಚಿಯ ಎಣ್ಣೆ ಪುಟಕ್ಕೆ ಹತ್ತಿತು: ಪುಸ್ತಕ ಬಳಕೆಯಲ್ಲಿದೆ ಎಂದರ್ಥ.

5. ವಾರಂಟಿ

ನೀತಿ ಹಿಂಡಿ ಹಿಪ್ಪೆ ಮಾಡಿದ ಕತೆಗೆ ವಾರಂಟಿ ಇಲ್ಲ. ಹಿಂಡದೆ ಬಿಟ್ಟದ್ದು ಸಾವಿರ ವರ್ಷ ಬಾಳಿಕೆ ಬಂದಿದೆ. ಆದ್ದರಿಂದ ಮೇಷ್ಟ್ರುಗಳಲ್ಲಿ ವಿನಂತಿ: ಸಾರಾಂಶ ಬರೆಸುವ ಮುನ್ನ ಕತೆಯನ್ನು ಒಮ್ಮೆ ಇಡಿಯಾಗಿ, ಗಟ್ಟಿಯಾಗಿ ಓದಿ ಹೇಳಿ.