ಯಾವ ಇಂಗ್ಲಿಷ್ ತಗೋಬೇಕು?

ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಬೀದಿಯಲ್ಲಿ ನನ್ನ ಬೆಲೆ ತುಸು ಏರುತ್ತದೆ. ವರ್ಷವಿಡೀ ತಲೆಯಾಡಿಸಿ ಮುಂದೆ ಹೋಗುವವರು ಆಗ ಗೇಟು ತೆಗೆದು ಒಳಗೇ ಬರುತ್ತಾರೆ. ಎಂಜಿನಿಯರಿಂಗ್, ಮೆಡಿಕಲ್ ಎನ್ನುವ ಮಕ್ಕಳಿಗೆ ಬುದ್ಧಿ ಹೇಳಲು ಟಿವಿಯವರಿದ್ದಾರೆ, ಪತ್ರಿಕೆಗಳ ವಿಶೇಷ ಪುರವಣಿಗಳಿವೆ. ಬಿ.ಎ.ಗೆ ಸೇರುವವರಿಗೆ ನನ್ನಂಥ ನಿವೃತ್ತ ಇಂಗ್ಲಿಷ್ ಮೇಷ್ಟ್ರುಗಳೇ ಗತಿ. ಬಂದವರ ಪ್ರಶ್ನೆಯೂ ಪ್ರತಿ ವರ್ಷ ಅದೇ: "ಸರ್, ಯಾವ ಇಂಗ್ಲಿಷ್ ತಗೋಬೇಕು?"

ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಇಂಗ್ಲಿಷ್ ಒಂದಲ್ಲ, ಎರಡು. ಜನರಲ್ ಇಂಗ್ಲಿಷ್ ಭಾಷಾ ಪತ್ರಿಕೆ. ಒಂದಿಷ್ಟು ಗದ್ಯ, ಒಂದಿಷ್ಟು ಪದ್ಯ, ಜೊತೆಗೆ ಅರ್ಜಿ, ವರದಿ, ಸಂಕ್ಷೇಪ ಲೇಖನ. ಐಚ್ಛಿಕ ಇಂಗ್ಲಿಷಿನಲ್ಲಿ ಸಾಹಿತ್ಯವೇ ಮುಖ್ಯ ವಿಷಯ. ಇಷ್ಟು ಹೇಳುವಷ್ಟರಲ್ಲಿ ಅಪ್ಪಂದಿರು ತೀರ್ಮಾನಕ್ಕೆ ಬಂದಿರುತ್ತಾರೆ. ಅರ್ಧ ಲೀಟರ್ ಹಾಲು ಸಾಲದಿದ್ದರೆ ಒಂದು ಲೀಟರ್ ಹಾಕಿಸಿಕೊಂಡ ಹಾಗೆ, ಎರಡನ್ನೂ ತಗೊಂಡರೆ ಮಗಳು ಎರಡು ಪಟ್ಟು ಇಂಗ್ಲಿಷ್ ಮಾತಾಡುತ್ತಾಳೆ ಎಂದು. ಮೊದಲ ಸೆಮಿಸ್ಟರ್ ಮುಗಿಸಿದ ಮಗಳು ಮನೆಗೆ ಬಂದು ಸಾನೆಟ್ಟಿಗೆ ಹದಿನಾಲ್ಕು ಸಾಲು, ಪ್ರಾಸದಲ್ಲಿ ಇಟಲಿಯವರದೇ ಒಂದು ಕ್ರಮ, ಷೇಕ್ಸ್‌ಪಿಯರನದೇ ಒಂದು ಕ್ರಮ ಎನ್ನುತ್ತಾಳೆ. ಬ್ಯಾಂಕಿನಲ್ಲಿ ಮ್ಯಾನೇಜರ್ ಜೊತೆ ಮಾತಾಡು ಎಂದರೆ ಮಾತ್ರ ಅಪ್ಪನ ಬೆನ್ನ ಹಿಂದೆ ನಿಲ್ಲುತ್ತಾಳೆ.

ಕಾಂಬಿನೇಷನ್ನಿನ ಗೊಂದಲ ಬೇರೆ. ಮೂರು ವಿಷಯಗಳ ಮೊದಲಕ್ಷರಗಳನ್ನು ಸೇರಿಸಿ ಹೆಸರಿಡುವ ಪದ್ಧತಿ ನಮ್ಮದು. ಅದರಲ್ಲಿ 'ಇ' ಎಂದರೆ ಇಕನಾಮಿಕ್ಸೋ ಇಂಗ್ಲಿಷೋ ಎಂಬುದು ಆಫೀಸಿನ ಗುಮಾಸ್ತರಿಗೆ ಮಾತ್ರ ಗೊತ್ತು. ಬೇಡಿಕೆ ಮತ್ತು ಪೂರೈಕೆಯ ರೇಖಾಚಿತ್ರಕ್ಕೆ ಸಿದ್ಧವಾಗಿ ಬಂದು ಚಾಸರನ ಎದುರು ಕುಳಿತ ಹುಡುಗರನ್ನು ನಾನೇ ಕಂಡಿದ್ದೇನೆ. ಅವರಲ್ಲೊಬ್ಬ, ಎದ್ದು ಹೋಗಲು ನಾಚಿಕೆಯಾಗಿ ಅಲ್ಲೇ ಕೂತವನು, ಮುಂದೆ ಇಂಗ್ಲಿಷ್ ಎಂ.ಎ.ಯನ್ನೂ ಮಾಡಿದ. ರಾಷ್ಟ್ರೀಯ ಶಿಕ್ಷಣ ನೀತಿ 2021ರಲ್ಲಿ ನಮ್ಮ ಕಾಲೇಜುಗಳಿಗೆ ಬಂದಾಗ ಮೂರು ವಿಷಯ ಎರಡಾಯಿತು, ಓಪನ್ ಎಲೆಕ್ಟಿವ್ ಎಂಬ ಹೊಸ ಅತಿಥಿ ಬಂತು. ಅದು ಮನೆಯವರಿಗೆ ಅರ್ಥವಾಗುವ ಹೊತ್ತಿಗೆ 2024ರಲ್ಲಿ ಮತ್ತೆ ಮೂರು ವಿಷಯ. ನಾನು ಹೇಳುವ ಬುದ್ಧಿಮಾತಿಗೂ ಅವಧಿ ಮುಗಿಯುವ ದಿನಾಂಕ ಹಾಕಬೇಕಾಗಿದೆ.

ಇಂಗ್ಲಿಷ್ ಸಾಹಿತ್ಯ ಓದುವುದು ಇಂಗ್ಲೆಂಡಿನವರ ತಾತನ ಕಾಲದ ಆಸ್ತಿ ಎಂದು ಹೆದರುವವರಿಗೆ ನಾನೊಂದು ಸಮಾಧಾನ ಹೇಳುವುದುಂಟು. ಕೇಂಬ್ರಿಜ್‌ನಲ್ಲಿ ಇಂಗ್ಲಿಷಿಗೆಂದೇ ಪ್ರತ್ಯೇಕ ಟ್ರೈಪಾಸ್, ಅಂದರೆ ಪದವಿ ಪರೀಕ್ಷೆ, ಏರ್ಪಟ್ಟದ್ದು 1917ರಲ್ಲಿ. ನಮ್ಮ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಒಂದು ವರ್ಷಕ್ಕೆ ನಾವೇ ಹಿರಿಯರು. ಅಪ್ಪಂದಿರಿಗೆ ಇದು ಬಹಳ ಹಿಡಿಸುತ್ತದೆ. ಮಕ್ಕಳಿಗೆ ಕೇಂಬ್ರಿಜ್ ಎಂದರೆ ಮುಂದಿನ ಸರ್ಕಲ್ಲಿನ ಕಾನ್ವೆಂಟಿನ ಹೆಸರು.

ಅಷ್ಟಕ್ಕೂ ಪಠ್ಯಕ್ರಮ ಓದಿ ಇಂಗ್ಲಿಷ್ ಆರಿಸಿಕೊಂಡವರನ್ನು ನಾನು ನೋಡಿಲ್ಲ. ಕವಿ ಎ.ಕೆ. ರಾಮಾನುಜನ್ ಅಂಥವರೇ ಮೈಸೂರಿನಲ್ಲಿ ಮೊದಲು ಸೇರಿದ್ದು ವಿಜ್ಞಾನಕ್ಕೆ. ಅವರ ತಂದೆ ಗಣಿತದ ಪ್ರಾಧ್ಯಾಪಕರು. ಮಗನ ತಲೆ ಗಣಿತದ ಕಡೆಗಿಲ್ಲ ಎಂದು ಮೊದಲು ಕಂಡುಕೊಂಡವರೂ ಅವರೇ. ಕೈ ಹಿಡಿದು ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಇಂಗ್ಲಿಷಿಗೆ ಬದಲಾಯಿಸಿಬಿಟ್ಟರಂತೆ. ಮಗನನ್ನು ಗಣಿತದಿಂದ ಬಿಡಿಸಿ ಸಾಹಿತ್ಯಕ್ಕೆ ಹಾಕುವ ಅಪ್ಪ ಈಗ ಎಲ್ಲಾದರೂ ಇದ್ದರೆ ಒಮ್ಮೆ ನೋಡಿ ಬರಬೇಕು. ಇಂಗ್ಲಿಷ್ ವಿಭಾಗದ ಅನ್ನ ಉಂಡು ಕನ್ನಡದ ಕೆಲಸ ಮಾಡಿದವರ ಸಾಲಂತೂ ಉದ್ದವಿದೆ: ಬಿ.ಎಂ.ಶ್ರೀ., ಗೋಕಾಕ, ಅಡಿಗ, ಕುರ್ತಕೋಟಿ, ಅನಂತಮೂರ್ತಿ, ಲಂಕೇಶ್. ಕುವೆಂಪು ಹುಡುಗನಾಗಿದ್ದಾಗ ಇಂಗ್ಲಿಷಿನಲ್ಲೇ ಕವಿತೆ ಬರೆಯುತ್ತಿದ್ದರು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದರು. ಕಸಿನ್ಸ್ ಸಾಹೇಬರ ಬದಲು ಯಾವನೋ ಉದಾರಿ ಮೇಷ್ಟ್ರು 'ವೆರಿ ಗುಡ್' ಎಂದು ಬರೆದು ಹತ್ತಕ್ಕೆ ಒಂಬತ್ತು ಕೊಟ್ಟಿದ್ದರೆ ನಮ್ಮ ಗತಿ ಏನಾಗುತ್ತಿತ್ತು?

ಇಷ್ಟೆಲ್ಲ ಹೇಳಿದರೂ ನನ್ನ ಪಕ್ಷಪಾತ ಜನರಲ್ ಇಂಗ್ಲಿಷಿನ ಕಡೆಗೇ. ಅದಕ್ಕೆ ಮರ್ಯಾದೆ ಕಡಿಮೆ. ಎಲ್ಲ ಕಾಂಬಿನೇಷನ್ನಿನವರನ್ನೂ ಒಂದೇ ಹಾಲಿಗೆ ತುಂಬುತ್ತಾರೆ, ಹಿಂದಿನ ಬೆಂಚಿನಲ್ಲಿ ನಿದ್ದೆಗೆ ಅಡ್ಡಿಯಿಲ್ಲ. ಆದರೆ ಸಂಕ್ಷೇಪ ಲೇಖನ ಎಂಬ ಒಂದು ಕಸರತ್ತು ಅಲ್ಲಿದೆ. ಮುನ್ನೂರು ಪದಗಳ ಗದ್ಯವನ್ನು ನೂರಕ್ಕೆ ಇಳಿಸಬೇಕು. ಹುಡುಗರು ಹತ್ತು ಪದಕ್ಕೊಂದರಂತೆ ಪೆನ್ಸಿಲ್ಲಿನ ಚುಕ್ಕೆ ಇಟ್ಟು ಎಣಿಸುತ್ತಾರೆ. ನೂರಾ ಮೂವತ್ತು ಬರುತ್ತದೆ. ಮೊದಲು 'ವೆರಿ'ಗಳು ಹೋಗುತ್ತವೆ. ಆಮೇಲೆ ಎರಡೆರಡಾಗಿ ಬಂದ ವಿಶೇಷಣಗಳಲ್ಲಿ ಒಂದೊಂದು. ಇನ್ನೂ ಹದಿನೈದು ಹೆಚ್ಚು. ಆಚೀಚೆ ನೋಡಿ, ಪೆನ್ಸಿಲ್ ಕಚ್ಚಿ, ಕೊನೆಗೆ ಧೈರ್ಯ ಮಾಡಿ ಒಂದಿಡೀ ವಾಕ್ಯಕ್ಕೇ ಗೆರೆ ಎಳೆಯುತ್ತಾರೆ. ಮತ್ತೆ ಓದಿ ನೋಡಿದರೆ ಅರ್ಥ ಎಲ್ಲಿಗೂ ಹೋಗಿಲ್ಲ, ಅಲ್ಲೇ ಇದೆ! ಆ ಕ್ಷಣ ಹುಡುಗನ ಮುಖ ನೋಡಬೇಕು. ಮೂರು ವರ್ಷದ ರಸ, ಧ್ವನಿ, ವಿಮರ್ಶೆಗಳಲ್ಲೂ ಅಂಥ ಬೆರಗನ್ನು ನಾನು ಹೆಚ್ಚು ಕಂಡಿಲ್ಲ. ನಮ್ಮ ಸಭೆಗಳಲ್ಲಿ ಸ್ವಾಗತ ಭಾಷಣ ಮಾಡುವವರಿಗೆಲ್ಲ ಈ ಪತ್ರಿಕೆಯನ್ನು ಕಡ್ಡಾಯ ಮಾಡಬೇಕು.

ಅಮೆರಿಕದಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳಿಗೂ ಮೊದಲ ವರ್ಷ ಬರವಣಿಗೆಯ ಕೋರ್ಸು ತಪ್ಪಲಿಲ್ಲ. ಅಲ್ಲಿ ಅದು ಹಳೆಯ ಸಂಪ್ರದಾಯ. ಹುಡುಗರಿಗೆ ನೆಟ್ಟಗೆ ಬರೆಯಲು ಬಾರದೆಂಬ ಕೊರಗಿನಲ್ಲೇ ಹಾರ್ವರ್ಡಿನವರು 1885ರಲ್ಲಿ 'ಇಂಗ್ಲಿಷ್ ಎ' ಎಂಬುದನ್ನು ಮೊದಲ ವರ್ಷಕ್ಕೆ ಇಟ್ಟರು. ಹೈಸ್ಕೂಲಿನಲ್ಲಿದ್ದಾಗಲೇ ಎ.ಪಿ. (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದರೆ ಎಷ್ಟೋ ಕಡೆ ಇದರಿಂದ ವಿನಾಯಿತಿ ಉಂಟು. ಬರೆಯಲು ಕಲಿಸುವ ತರಗತಿಯಿಂದ ಪಾರಾಗಲು ಪರೀಕ್ಷೆ ಬರೆಯುವ ಈ ಉಪಾಯ ಅಲ್ಲಿರುವ ನಮ್ಮವರಿಗೆ ಚೆನ್ನಾಗಿ ಗೊತ್ತು. ನಮ್ಮ ಹುಡುಗಿಗೆ ಅಂಕ ಸಾಲಲಿಲ್ಲ. ಅಲ್ಲಿ ಒಂದೊಂದು ತರಗತಿಗೆ ಒಂದೊಂದು ವಿಷಯ; ಸಿನಿಮಾ ಕುರಿತು ಬರೆಸುವ ತರಗತಿ ಭರ್ತಿಯಾಗಿ, ಆಹಾರ ಕುರಿತದ್ದು ಸಿಕ್ಕಿತು. ಓಟ್ಸ್ ಡಬ್ಬಿಯ ಮೇಲಿನ ಬರಹವನ್ನೇ ವಿಷಯ ಮಾಡಿಕೊಂಡು ಬರೆದು ಕೊಟ್ಟರೆ, "ಇದರಲ್ಲಿ ನಿನ್ನ ವಾದ ಎಲ್ಲಿ?" ಎಂಬ ಒಂದೇ ಪ್ರಶ್ನೆಯೊಂದಿಗೆ ವಾಪಸು ಬಂತಂತೆ. ನಮ್ಮ ಮೌಲ್ಯಮಾಪನ ಕೇಂದ್ರದಲ್ಲಿ ಈ ಪ್ರಶ್ನೆ ಕೇಳಲು ಶುರುಮಾಡಿದರೆ ಫಲಿತಾಂಶ ದೀಪಾವಳಿಗೂ ಬಾರದು.

ಈ ಸಲ ಬಂದವರಲ್ಲಿ ಎದುರು ಮನೆಯವರೂ ಅವರ ಮಗಳೂ ಇದ್ದರು. ರಾಮಾನುಜನ್ನರಿಂದ ಹಾರ್ವರ್ಡಿನವರೆಗೆ ಎಲ್ಲವನ್ನೂ ಹೇಳಿದೆ. ಹುಡುಗಿ ತಾಳ್ಮೆಯಿಂದ ಕೇಳಿ, "ಅಂಕಲ್, ಐಚ್ಛಿಕ ಇಂಗ್ಲಿಷ್‌ಗೆ ಎಷ್ಟು ಜನ ಇರ್ತಾರೆ?" ಎಂದಳು.

"ಹದಿನೈದು ಇಪ್ಪತ್ತು ಜನ."

"ಹಂಗಾದ್ರೆ ಪ್ರಾಕ್ಸಿ ಅಟೆಂಡೆನ್ಸ್ ನಡಿಯಲ್ಲ. ಆದ್ರೂ ತಗೋತೀನಿ, ನನ್ನ ಫ್ರೆಂಡೂ ಅದನ್ನೇ ಹಾಕಿದ್ದಾಳೆ."

ಅಪ್ಪ ಚಪ್ಪಲಿ ಮೆಟ್ಟುತ್ತಾ ಕೇಳಿದರು: "ಸರ್, ಮೂರು ವರ್ಷದಲ್ಲಿ ಸ್ಪೀಕಿಂಗ್ ಬಂದ್ಬಿಡುತ್ತಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಮಗಳು, "ಅಪ್ಪಾ, ಅದಕ್ಕೆ ಯೂಟ್ಯೂಬ್ ಇದೆ, ನಡಿ" ಎಂದಳು.